ಫೋರ್ಮನ್ನಿನ ಕೊರಳಿಗೆ ನಮ್ಮತ್ತೆ ಕಟ್ಟಿದ ದಾರ

ನಾಯಿ ಉಸಿರಾಡುತ್ತಿದೆಯೋ ಇಲ್ಲವೋ ಎಂಬ ಚಿಂತೆ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅನ್ನಕ್ಕೆ ಇಡುವಾಗ, ಮಗಳಿಗೆ ಜಡೆ ಹಾಕುವಾಗ, ಗೇಟಿನಲ್ಲಿ ಹಾಲಿನವನ ಹತ್ತಿರ ಮಾತಾಡುವಾಗ, ಒಂದು ಕಿವಿ ಮಾತ್ರ ಸೋಫಾದ ಕೆಳಗೇ ಇರುತ್ತದೆ. ಅದು ಗೊರಕೆ ಹೊಡೆದರೆ ಯಾಕೆ ಗೊರಕೆ ಅಂತ ಚಿಂತೆ. ಗೊರಕೆ ನಿಂತರೆ ಯಾಕೆ ನಿಂತಿತು ಅಂತ ಇನ್ನೂ ದೊಡ್ಡ ಚಿಂತೆ. ಮಂಡಿಯೂರಿ ಬಗ್ಗಿ, ಅದರ ಮೂಗಿನ ಮುಂದೆ ಸ್ಟೀಲ್ ಚಮಚ ಹಿಡಿದು, ಚಮಚ ಮಬ್ಬಾಯಿತೇ ಅಂತ ನೋಡುತ್ತೇನೆ. ಮಬ್ಬಾದರೆ ಸಮಾಧಾನ. ಆ ಚಮಚವನ್ನು ತೊಳೆದೆನೋ, ಹಾಗೇ ಸ್ಟ್ಯಾಂಡಿಗೆ ಹಾಕಿದೆನೋ ಎಂಬುದು ಆಮೇಲಿನ ಚಿಂತೆ.

ಮೂರು ವರ್ಷದ ಮಗಳು ಮೀರಾಳ ವಿಷಯದಲ್ಲಿ ನಾನು ಹೀಗಿರುವುದನ್ನು ಮನೆಯವರು ಹೇಗೋ ಸಹಿಸಿಕೊಂಡಿದ್ದಾರೆ. ನಾಯಿಯ ವಿಷಯದಲ್ಲೂ ಹೀಗಾದದ್ದು ನನಗೇ ಆಶ್ಚರ್ಯ. ಯಾಕೆಂದರೆ ಅದು ನನ್ನ ನಾಯಿಯೇ ಅಲ್ಲ. ಭದ್ರಾವತಿಯಲ್ಲಿರುವ ನನ್ನ ಅತ್ತೆ ದಾಕ್ಷಾಯಣಮ್ಮನವರದು. ಬಿಳಿ ಬಣ್ಣದ ಪಾಮೇರಿಯನ್. ಹೆಸರು ಫೋರ್ಮನ್.

ಹೆಸರಿಟ್ಟವರು ನನ್ನ ಮಾವ ಶಿವಮೂರ್ತಪ್ಪನವರು. ಅವರು ಕೆಲಸದ ವರ್ಷಗಳನ್ನೆಲ್ಲ ಕಾರ್ಖಾನೆಯಲ್ಲಿ ಒಬ್ಬ ಫೋರ್ಮನ್ ಕೈಕೆಳಗೆ ಕಳೆದವರು. ಆ ಮನುಷ್ಯನಿಗೆ ಒಂದು ದಿನವೂ ಎದುರು ಮಾತಾಡಲು ಆಗಿರಲಿಲ್ಲವಂತೆ. ನಿವೃತ್ತರಾದ ಮೇಲೆ ಮನೆಗೆ ಈ ಮರಿ ಬಂತು. ನಾಯಿ ಅಲ್ಲಿದ್ದಾಗಲೆಲ್ಲ ಬೆಳಿಗ್ಗೆ ಎದ್ದ ಕೂಡಲೇ ಮಾವ ಜಗುಲಿಗೆ ಬಂದು, ಇಡೀ ಬೀದಿಗೆ ಕೇಳುವ ಹಾಗೆ, "ಏಯ್ ಫೋರ್ಮನ್, ಏನೋ ಸುಮ್ನೆ ಬೊಗಳ್ತೀಯಾ, ಬಾಯ್ ಮುಚ್ಕೊಂಡ್ ಕೂತ್ಕೋ" ಅನ್ನುತ್ತಾರೆ. ಆಮೇಲೆ ಅವರಿಗೆ ಕಾಫಿ ಬಹಳ ರುಚಿಸುತ್ತದೆ.

ಈ ಫೋರ್ಮನ್ನಿಗೆ ಕಳೆದ ಮಳೆಗಾಲದಿಂದ ಒಂದು ಕಾಯಿಲೆ ಶುರುವಾಯಿತು. ಚೆನ್ನಾಗಿ ಓಡಾಡಿಕೊಂಡಿರುವ ನಾಯಿ ತಟ್ಟನೆ ನಿಂತುಬಿಡುತ್ತದೆ. ಮುಂಗಾಲುಗಳನ್ನು ಅಗಲ ಮಾಡಿ, ಕತ್ತನ್ನು ಮುಂದಕ್ಕೆ ಚಾಚಿ, ಕಣ್ಣು ಹೊರಗೆ ಬರುವ ಹಾಗೆ ಮಾಡಿಕೊಂಡು, "ಗ್ರ್ಹಾಂಕ್, ಗ್ರ್ಹಾಂಕ್" ಅಂತ ಸದ್ದು ಹೊರಡಿಸುತ್ತದೆ. ಕೆಮ್ಮೂ ಅಲ್ಲ, ವಾಂತಿಯೂ ಅಲ್ಲ. ಚಳಿಯಲ್ಲಿ ಹಳೇ ಸ್ಕೂಟರಿಗೆ ಕಿಕ್ ಹೊಡೆದ ಹಾಗೆ ಇರುತ್ತದೆ. ಇನ್ನೇನು ಜೀವ ಹೋಯಿತು ಅನ್ನುವಷ್ಟರಲ್ಲಿ ನಿಲ್ಲುತ್ತದೆ. ನಿಂತ ಮೇಲೆ ಏನೂ ಆಗಿಲ್ಲವೆಂಬಂತೆ ಬಾಲ ಅಲ್ಲಾಡಿಸಿ ಬಿಸ್ಕೆಟ್ ಕೇಳುತ್ತದೆ. ನಾನು ಮಾತ್ರ ಗೋಡೆ ಹಿಡಿದುಕೊಂಡು ಕೂತಿರುತ್ತೇನೆ.

ಶಿವಮೊಗ್ಗದಲ್ಲಿ ಒಳ್ಳೇ ಡಾಕ್ಟರು ಇದ್ದಾರೆ, ಜೊತೆಗೆ ಗಾಳಿ ಬದಲಾವಣೆಯೂ ಆಗುತ್ತದೆ ಎಂದು ಅತ್ತೆ ಅದನ್ನು ಗೋಪಾಳದ ನಮ್ಮ ಮನೆಗೆ ಕಳಿಸಿದರು. ಭದ್ರಾವತಿಗೂ ಗೋಪಾಳಕ್ಕೂ ಬಸ್ಸಿನಲ್ಲಿ ಒಂದು ನಿದ್ದೆ ಮುಗಿಯುವಷ್ಟು ದೂರವೂ ಇಲ್ಲ. ಗಾಳಿ ಎಷ್ಟು ಬದಲಾಗಿರಬಹುದು, ಆ ದೇವರೇ ಬಲ್ಲ.

ಅತ್ತೆಯ ಬಗ್ಗೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ದಾಕ್ಷಾಯಣಮ್ಮನವರು ಹುಟ್ಟಿದ್ದು ಕುಂಸಿಯಲ್ಲಿ. ಮದುವೆಯಾಗಿ ಭದ್ರಾವತಿಯ ನ್ಯೂಟೌನಿಗೆ ಬಂದಾಗ ಅವರಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲವಂತೆ. ಪಕ್ಕದ ಕ್ವಾರ್ಟರ್ಸಿನ ಪುಷ್ಪಾ ಎಂಬ ತಮಿಳು ಹೆಂಗಸು ಹೊಲಿಗೆ ಕಲಿಸಿದರು. ಇವರಿಗೆ ತಮಿಳು ಬಾರದು, ಅವರಿಗೆ ಕನ್ನಡ ಅಷ್ಟಕ್ಕಷ್ಟೇ. ಆದರೆ ಒಂದು ಪಾಠವನ್ನು ಮಾತ್ರ ಪುಷ್ಪಾ ಮೇಡಂ ಕೈಸನ್ನೆ ಮಾಡಿ ಕಲಿಸಿದ್ದರಂತೆ. ಎದೆ ಸುತ್ತಳತೆ ತೆಗೆಯುವಾಗ ಎದುರಿಗಿರುವವಳು ಉಸಿರು ಎಳೆದುಕೊಂಡಿರಬೇಕು. ಬಿಟ್ಟಾಗ ತೆಗೆದರೆ ರವಿಕೆ ಹಿಡಿಯುತ್ತದೆ.

"ನಾನು ಹೊಲಿದ ಬ್ಲೌಸ್ ಹಾಕ್ಕೊಂಡು ಮದ್ವೆ ಊಟ ಮಾಡಿ ಉಸಿರು ಕಟ್ಟಿದೋರು ಈ ಭದ್ರಾವತಿಲಿ ಒಬ್ರನ್ನ ತೋರ್ಸು ನೋಡಣ" ಎಂದು ಅತ್ತೆ ಈಗಲೂ ಸವಾಲು ಹಾಕುತ್ತಾರೆ. ಅಂಥವರು ಯಾರೂ ಇಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಲಗ್ನದ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೆಷಿನ್ನಿನ ಕೆಳಗೆ, ಕತ್ತರಿಸಿ ಬಿದ್ದ ಬಟ್ಟೆಚೂರುಗಳ ಮೇಲೆ ಫೋರ್ಮನ್ ಮಲಗಿರುತ್ತದೆ. ರವಿಕೆ ತೊಟ್ಟು ನೋಡಲು ಬಂದವರಿಗೆ ಬೊಗಳುತ್ತದೆ. ಬೊಗಳಿದ್ದಕ್ಕೆ ಅವರು ಬಿಸ್ಕೆಟ್ ಹಾಕುತ್ತಾರೆ. ಹೀಗಾಗಿ ಅದು ನಾಯಿಗಿಂತ ದಿಂಬಿಗೆ ಹತ್ತಿರವಾಗಿದೆ.

ಅತ್ತೆಯ ಇನ್ನೊಂದು ನಂಬಿಕೆ ದಾರದ ಮೇಲೆ. ಹೊಲಿಯುವ ದಾರವಲ್ಲ, ಕಟ್ಟುವ ದಾರ. ಅದಕ್ಕೊಂದು ಕಾರಣವಿದೆ. ನನ್ನ ಗಂಡ ಶಿವರಾಜ್ ಅಂಬೆಗಾಲಿಡುತ್ತಿದ್ದಾಗ ಅಂಗಡಿಯಲ್ಲಿ ಬಿದ್ದಿದ್ದ ಒಂದು ಗುಂಡಿ ನುಂಗಿಬಿಟ್ಟ. ಕೋಟಿನ ಗುಂಡಿ, ದೊಡ್ಡದು. ಮಗುವಿನ ಮುಖ ನೀಲಿಯಾಯಿತು. ಅತ್ತೆ ಮಗುವನ್ನು ಎತ್ತಿಕೊಂಡು, ಕೊರಳಲ್ಲಿ ಟೇಪು, ತಲೆಯಲ್ಲಿ ಸೂಜಿ ಸಮೇತ ಆಸ್ಪತ್ರೆಯ ಕಡೆ ಓಡಿದರು. ದಾರಿಯಲ್ಲಿ ಒಂದು ಅಮ್ಮನ ಗುಡಿ. ಬಾಗಿಲಲ್ಲಿ ನಿಂತಿದ್ದ ಪೂಜಾರಿ ಇವರ ಅಳು ನೋಡಿ, ಕೈಯಲ್ಲಿದ್ದ ಕಪ್ಪು ದಾರವನ್ನು ಮಗುವಿನ ಕೊರಳಿಗೆ ಸುತ್ತಿದ. ಸುತ್ತಿದ್ದೇ ತಡ, ಗುಂಡಿ ಹಾರಿ ಹೊರಗೆ ಬಿತ್ತು. ಮಗು ಕಿರುಚಿ ಅತ್ತಿತು.

ಅಂದಿನಿಂದ ಅತ್ತೆ ಕಟ್ಟುತ್ತಲೇ ಇದ್ದಾರೆ. ಶಿವರಾಜನ ತೋಳಿಗೆ, ಮೀರಾಳ ಸೊಂಟಕ್ಕೆ, ನನ್ನ ಬಾಣಂತನದಲ್ಲಿ ನನ್ನ ಮಂಚದ ಕಾಲಿಗೆ. ಸ್ಕೂಟರಿಗೆ, ಮಿಕ್ಸಿಗೆ, ಗ್ಯಾಸಿನ ರೆಗ್ಯುಲೇಟರಿಗೆ. ಒಂದು ಸಲ ಲಗ್ನದ ದಿನಗಳಲ್ಲಿ ಪದೇ ಪದೇ ಕರೆಂಟು ಹೋಗಿ ಮೆಷಿನ್ ನಿಂತಾಗ ಬೀದಿಯ ವಿದ್ಯುತ್ ಕಂಬಕ್ಕೂ ಕಟ್ಟಿ ಬಂದರು. ಕಂಬ ಹತ್ತಿದ ಲೈನ್‌ಮನ್ ಕೂಡ ಅದನ್ನು ಬಿಚ್ಚದೆ ಕೈಮುಗಿದು ಇಳಿದನಂತೆ. ಬಿಚ್ಚಲು ಆಗುವುದೂ ಇಲ್ಲ. ಮೇಣ ಸವರಿದ ದಾರ, ಅದರ ಮೇಲೆ ದರ್ಜಿ ಹಾಕಿದ ಗಂಟು. ಅಷ್ಟೂ ಸಾಲದು ಎಂದು ಒಂದು ಕಟ್ಟಳೆ. ಕಟ್ಟಿದವರೇ ಬಿಚ್ಚಬೇಕು.

ಫೋರ್ಮನ್ನಿಗೆ ಮೊದಲ ಸಲ ಉಸಿರು ಹಿಡಿದಾಗ ಅತ್ತೆ ಏನು ಮಾಡಿರಬಹುದು ಎಂದು ಹೇಳಬೇಕಾಗಿಲ್ಲ. ಎರಡನೇ ಸಲಕ್ಕೆ ಇನ್ನೊಂದು ಎಳೆ. ಆಮೇಲೆ ಅಖ್ತರ್ ಬೀ ಬಂದರು. ಅಖ್ತರ್ ಬೀ ಅಂದರೆ ಅತ್ತೆಯ ಅಂಗಡಿಯಲ್ಲಿ ಸೀರೆಗೆ ಫಾಲ್ ಹಾಕುವ, ರವಿಕೆಗೆ ಹುಕ್ಕು ಹೊಲಿಯುವ ಹಳೇ ಗೆಳತಿ. ಪಕ್ಕದ ಬೀದಿಯವರು. ಅವರು ನಾಯಿಯನ್ನು ಮುಟ್ಟುವುದಿಲ್ಲ. ಅದು ಹತ್ತಿರ ಬಂದರೆ ಸ್ಟೂಲಿನ ಮೇಲೆ ಕಾಲೆತ್ತಿ ಕೂರುತ್ತಾರೆ. ಆದರೂ ಅದರ ಕಷ್ಟ ನೋಡಲಾರದೆ ದರ್ಗಾದಿಂದ ಒಂದು ತಾಯತ ತಂದು, ಸೀಮೆಸುಣ್ಣದ ಡಬ್ಬಿಯ ಮೇಲಿಟ್ಟು, "ನೀವೇ ಕಟ್ಟಿ ದಾಕ್ಷಾಯಣಮ್ಮ, ನಾನು ಇಲ್ಲಿಂದ್ಲೇ ದುವಾ ಮಾಡ್ತೀನಿ" ಅಂದರು.

ಮಾವ ತಮ್ಮ ಹಳೇ ಐ.ಡಿ. ಕಾರ್ಡಿನ ನೀಲಿ ಪಟ್ಟಿಯನ್ನು ತಂದು ಹಾಕಿದರು. ಕೆಮ್ಮಿಗೂ ಅದಕ್ಕೂ ಏನು ಸಂಬಂಧ ಮಾವ, ಎಂದು ನಾನು ಕೇಳಿದ್ದಕ್ಕೆ, "ಆಸ್ಪತ್ರೆ ಗೇಟಲ್ಲಿ ಯಾರೂ ತಡೀಬಾರ್ದಲ್ಲಮ್ಮ" ಅಂದರು.

ಇನ್ನು ನಾನು. ಬೆಂಗಳೂರಿನಲ್ಲಿ ಓದಿದವಳು. ಇಂಥದ್ದನ್ನೆಲ್ಲ ನೋಡಿ ಒಳಗೊಳಗೇ ನಗುತ್ತಿದ್ದವಳು. ಫೋನಿನಲ್ಲಿ ಯಾರೋ ಉಸಿರಾಟಕ್ಕೆ ಕರ್ಪೂರ, ಓಂಕಾಳು ಗಂಟು ಕಟ್ಟಿ ಮೂಸಬೇಕು ಎಂದಿದ್ದನ್ನು ನೋಡಿ, ಒಂದು ಚಿಕ್ಕ ಗಂಟು ಮಾಡಿ ನಾನೂ ಕಟ್ಟಿದೆ. ಅದು ವೈಜ್ಞಾನಿಕ ಎಂದು ನನಗೆ ಆಗ ಬಲವಾಗಿ ಅನ್ನಿಸಿತ್ತು.

ಪಾಮೇರಿಯನ್ನಿನ ಕೂದಲು ಎಂಥದ್ದೆಂದರೆ, ಒಬ್ಬರು ಕಟ್ಟಿದ್ದು ಇನ್ನೊಬ್ಬರಿಗೆ ಕಾಣುವುದೇ ಇಲ್ಲ. ಒಳಗೆ ಏನೆಲ್ಲ ಸೇರಿದೆ ಅಂತ ಒಟ್ಟಾಗಿ ಯಾರೂ ನೋಡಿರಲಿಲ್ಲ. ನೋಡಿದ್ದು ಡಾಕ್ಟರ್ ಮುಸರ್ರತ್.

ಆಸ್ಪತ್ರೆಗೆ ಹೋಗುವ ದಿನ ಅತ್ತೆಗೆ ಬರಲಾಗಲಿಲ್ಲ. ಮದುವೆ ಮನೆಯ ಬ್ಲೌಸುಗಳು ರಾಶಿ ಬಿದ್ದಿದ್ದವು. ತಮ್ಮ ಪರವಾಗಿ ಮಾವನನ್ನೂ ಅಖ್ತರ್ ಬೀಯನ್ನೂ ಬಸ್ಸು ಹತ್ತಿಸಿ ಕಳಿಸಿದರು. "ಸುಮನಾ ಹೆದ್ರಿಕೊಂಡು ಅರ್ಧಂಬರ್ಧ ಕೇಳಿಸ್ಕೋತಾಳೆ, ನೀವು ಪೂರ್ತಿ ಕೇಳ್ಕೊಂಡು ಬನ್ನಿ" ಎಂದು ಆಜ್ಞೆ. ಬಸ್ ಸ್ಟ್ಯಾಂಡಿನಿಂದ ಬರುವಾಗ ಮಾವನದು ಬೇರೆಯದೇ ಯೋಚನೆ.

"ಸುಮನಾ, ಈ ಚಿಕ್ಕ ಡಾಕ್ಟ್ರ ಹತ್ರ ಯಾಕೆ? ಸೀದಾ ತ್ಯಾವರೆಕೊಪ್ಪಕ್ಕೇ ಹೋಗೋಣ. ಹುಲಿ ನೋಡೋ ಡಾಕ್ಟ್ರಿಗೆ ಇದೊಂದು ಲೆಕ್ಕನಾ?"

"ಮಾವ, ಅಲ್ಲಿ ಸಫಾರಿಯ ಹುಲಿ ಸಿಂಹ ಮಾತ್ರ ನೋಡ್ತಾರೆ."

"ಅದೇ ಹೇಳ್ತಿರೋದು. ಅಷ್ಟು ದೊಡ್ಡ ಗಂಟ್ಲು ನೋಡಿದೋರಿಗೆ ಇಷ್ಟುದ್ದದ ಗಂಟ್ಲು ಕಾಣಲ್ವಾ?"

ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಂಸಿ ಕಡೆಯ ಒಬ್ಬ ಹಿರಿಯರು ಟವೆಲ್ಲಿನಲ್ಲಿ ಸುತ್ತಿದ ಮೇಕೆಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೆಸರು ಚಂದ್ರಶೇಖರಪ್ಪ ಎಂದು ಅವರೇ ಪರಿಚಯ ಹೇಳಿಕೊಂಡರು. ನಾವೂ ಕೂತೆವು. ಅಖ್ತರ್ ಬೀ ಮಾತ್ರ ಬಾಗಿಲ ಹತ್ತಿರ, ಕೊಡೆಯನ್ನು ಅಡ್ಡ ಹಿಡಿದು ನಿಂತರು. ನಮ್ಮ ಸರದಿ ಬಂತು. ಆದರೆ ಫೋರ್ಮನ್ ಡಾಕ್ಟರ ಮುಂದೆ ಕೆಮ್ಮಲಿಲ್ಲ. ಮೇಜಿನ ಮೇಲೆ ರಾಜನ ಹಾಗೆ ನಿಂತು ಅವರ ಕೈ ನೆಕ್ಕಿತು.

"ಸದ್ದು ಹೇಗೆ ಬರುತ್ತೆ? ವಿಡಿಯೋ ಇದೆಯಾ?" ಡಾಕ್ಟರ್ ಕೇಳಿದರು. ನನ್ನ ವಯಸ್ಸಿನವರೇ. ಶಾಂತ ಮುಖ.

ವಿಡಿಯೋ ಇರಲಿಲ್ಲ. ಆ ಹೊತ್ತಿನಲ್ಲಿ ನಾನು ಗೋಡೆ ಹಿಡಿದಿರುತ್ತೇನೆ, ಇನ್ನು ಫೋನ್ ಹಿಡಿಯುವುದೆಲ್ಲಿ? "ಹೀಗೆ ಡಾಕ್ಟ್ರೇ" ಎಂದು ನಾನೇ ಕತ್ತು ಚಾಚಿ, "ಗ್ರ್ಹಾಂಕ್" ಅಂದೆ.

"ಛೆ ಛೆ, ಹಂಗಲ್ಲಮ್ಮ" ಮಾವ ಮುಂದೆ ಬಂದರು. "ನಿಂದು ಬರೀ ಮೂಗಿಂದ ಬರ್ತಿದೆ. ಅದು ಹೊಟ್ಟೆಯಿಂದ ಬರುತ್ತೆ." ಎರಡೂ ಕೈ ಮೇಜಿನ ಮೇಲೆ ಅಗಲವಾಗಿ ಊರಿ, ಕಣ್ಣು ಬಿಟ್ಟುಕೊಂಡು, "ಹ್ಹೋಂಕ್, ಹ್ಹೋಂಕ್" ಎಂದು ಕೋಣೆ ನಡುಗುವ ಹಾಗೆ ಮಾಡಿದರು. ಫೋರ್ಮನ್ ಗಾಬರಿಯಾಗಿ ಅವರನ್ನೇ ನೋಡಿತು.

"ತಾತ ಅದಲ್ಲ, ಹಿಂಗೆ!" ಎಂದು ಮೀರಾ ನೆಲದ ಮೇಲೆ ನಾಲ್ಕು ಕಾಲಲ್ಲಿ ನಿಂತು, ನಾಲಗೆ ಹೊರಗೆ ಹಾಕಿ, ನಮ್ಮಿಬ್ಬರಿಗಿಂತ ಚೆನ್ನಾಗಿ ಮಾಡಿ ತೋರಿಸಿದಳು. ಎಷ್ಟು ಚೆನ್ನಾಗಿ ಎಂದರೆ, ನಾನು ಹೆದರಿ ಅವಳನ್ನು ಎತ್ತಿಕೊಂಡು, ತಲೆಕೆಳಗು ಮಾಡಿ, ಬೆನ್ನು ತಟ್ಟಿ, ಬಾಯೊಳಗೆ ಬೆರಳು ಹಾಕಿ ಹುಡುಕಿದೆ. ಬಾಯಲ್ಲಿ ಏನೂ ಇರಲಿಲ್ಲ. ಬೆರಳು ಕಚ್ಚಿದಳು.

ಬಾಗಿಲ ಪರದೆ ಸರಿಸಿ ಚಂದ್ರಶೇಖರಪ್ಪನವರು ಇಣುಕಿದರು. "ಯಾರಿಗಮ್ಮಾ ಹುಷಾರಿಲ್ದಿರೋದು, ಗೊತ್ತಾಗ್ತಿಲ್ಲ. ನಂಗನ್ಸಿದ ಮಟ್ಟಿಗೆ ಮಗೂದೇ ಚೆನ್ನಾಗಿ ಬಂತು. ಯಜಮಾನ್ರದ್ದು ಎರಡ್ನೇದು. ನಮ್ಮ ಮರಿ ಹೆದ್ರಿಕೊಂಡಿದೆ, ಸ್ವಲ್ಪ ಮೆಲ್ಲಗೆ ಮಾಡಿ."

ಡಾಕ್ಟರ್ ನಗಲಿಲ್ಲ. ತುಟಿ ಕಚ್ಚಿ ಹಿಡಿದುಕೊಂಡಿದ್ದರು ಅನ್ನಿಸುತ್ತದೆ. ಫೋರ್ಮನ್ನಿನ ಕೊರಳ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಅದು ತಕ್ಷಣ ಕಾಲು ಅಗಲಿಸಿ, "ಗ್ರ್ಹಾಂಕ್" ಎಂದು ಶುರು ಮಾಡಿತು.

"ಇದೇ! ಇದೇ!" ಎಂದು ನಾವು ಮೂವರೂ ಗೆದ್ದವರ ಹಾಗೆ ಕೂಗಿದೆವು.

ಡಾಕ್ಟರ್ ಅದರ ಗಂಟಲನ್ನು ಸವರಿ ಸಮಾಧಾನ ಮಾಡಿ, ಸದ್ದು ನಿಂತ ಮೇಲೆ ಕೊರಳ ಕೂದಲನ್ನು ಎರಡೂ ಕೈಯಿಂದ ಬಿಡಿಸಿದರು. ಬಿಡಿಸಿ, ಹಾಗೇ ನಿಂತರು. ಕಪ್ಪು ದಾರದ ಎಳೆಗಳು, ಒಂದರ ಮೇಲೆ ಒಂದು. ತಾಯತ. ನೀಲಿ ಪಟ್ಟಿ. ಮಾಸಿದ ಬಟ್ಟೆಯ ಗಂಟು. ಇವೆಲ್ಲದರ ಕೆಳಗೆ ಅಸಲು ಕಾಲರು.

"ಇದೇನಿದು?"

ಮೀರಾ "ಸರ" ಅಂದಳು.

ಡಾಕ್ಟರ್ ವಿವರಿಸಿದರು. ಇಂಥ ಪುಟ್ಟ ಜಾತಿಯ ನಾಯಿಗಳಲ್ಲಿ ಉಸಿರಿನ ಕೊಳವೆ ಮೆತ್ತಗಾಗುವುದುಂಟು. ಎಳನೀರಿಗೆ ಹಾಕುವ ಸ್ಟ್ರಾ ಹಿಸುಕಿದರೆ ಚಪ್ಪಟೆಯಾಗುತ್ತದಲ್ಲ, ಹಾಗೆ. ನಾಯಿ ದಪ್ಪವಾದರೆ ಹೆಚ್ಚಾಗುತ್ತದೆ, ಹೊಗೆ ಧೂಳಿಗೆ ಹೆಚ್ಚಾಗುತ್ತದೆ, ಖುಷಿಗೂ ಹೆಚ್ಚಾಗುತ್ತದೆ. ಎಲ್ಲಕ್ಕಿಂತ, ಕೊರಳಿಗೆ ಏನಾದರೂ ಒತ್ತಿದರೆ ಹೆಚ್ಚಾಗುತ್ತದೆ. ಔಷಧಿ ಬರೆದುಕೊಟ್ಟರು. ಬಿಸ್ಕೆಟ್ ನಿಲ್ಲಿಸಿ, ಧೂಪ ಹಾಕಬೇಡಿ, ಕರ್ಪೂರವಂತೂ ನಾಯಿಗೆ ವಿಷ, ಇದನ್ನು ಯಾರು ಕಟ್ಟಿದ್ದು, ಎಂದರು. ನಾನು ಮೀರಾಳ ಜಡೆ ಸರಿಮಾಡುತ್ತಿದ್ದೆ. ನಾಲಗೆ ನೀಲಿಯಾದರೆ ಅಥವಾ ಬಿದ್ದುಹೋದರೆ ತಡಮಾಡದೆ ಕರೆತನ್ನಿ ಎಂದರು.

"ಇನ್ಮೇಲೆ ಕೊರಳಲ್ಲಿ ಒಂದು ಎಳೆಯೂ ಇರಬಾರದು. ಎದೆಗೆ ಹಾಕೋ ಬೆಲ್ಟ್ ಸಿಗುತ್ತೆ, ಅದು ಹಾಕಿ" ಎಂದು ಕತ್ತರಿ ತೆಗೆದುಕೊಂಡರು.

ಕಾಲರು ಬಿಚ್ಚಿತು. ನನ್ನ ಗಂಟು ಕಸದ ಬುಟ್ಟಿಗೆ ಹೋಯಿತು. ಮಾವ ತಮ್ಮ ಪಟ್ಟಿಯನ್ನು ತಾವೇ ತೆಗೆದು, ಮಡಿಸಿ, ಜೇಬಿಗಿಟ್ಟುಕೊಂಡರು.

"ನಂದೂ ತೆಗೀರಿ ಡಾಕ್ಟರಮ್ಮ" ಅಖ್ತರ್ ಬೀ ಕೊಡೆಯ ಹಿಂದಿನಿಂದಲೇ ಹೇಳಿದರು. "ದರ್ಗಾದ ಹಜರತ್ರು ಬೇಜಾರು ಮಾಡ್ಕೊಳಲ್ಲ, ಅವ್ರಿಗೆ ಎಲ್ಲಾ ಗೊತ್ತಾಗುತ್ತೆ. ಆದ್ರೆ ಕಪ್ಪು ದಾರ ಮಾತ್ರ ಮುಟ್ಬೇಡಿ. ಅದು ದಾಕ್ಷಾಯಣಮ್ಮಂದು. ಅವ್ರು ಬೇಜಾರು ಮಾಡ್ಕೋತಾರೆ."

ಕತ್ತರಿ ದಾರದ ಹತ್ತಿರ ಹೋಗುತ್ತಿದ್ದಂತೆ ಮಾವ ಡಾಕ್ಟರ ಕೈಗೆ ಅಡ್ಡ ಬಂದರು. "ಬೇಡ ತಾಯಿ. ನಮ್ಮನೆಯೋಳು ಕಟ್ಟಿದ್ದು. ಕಟ್ಟಿದೋರೇ ಬಿಚ್ಬೇಕು. ನಾನು ರಾತ್ರಿ ಮನೆಗೆ ಹೋಗ್ಬೇಕಲ್ಲ."

ಡಾಕ್ಟರ್ ನನ್ನ ಮುಖ ನೋಡಿದರು. ನಾನು ಡಾಕ್ಟರ ಮುಖ ನೋಡಿದೆ. ಓದಿದವಳು, ಮುಂದೆ ಬರುತ್ತಾಳೆ ಅಂತ ಅವರು ನೋಡಿದ್ದಿರಬೇಕು. ನಾನು, "ನಾವೇ ಮನೇಲಿ ತೆಗೀತೀವಿ ಡಾಕ್ಟ್ರೇ" ಅಂದೆ. "ಇವತ್ತೇ ತೆಗೀಬೇಕು, ಇದೊಂದು ಇದ್ರೆ ಬೇರೆಲ್ಲ ತೆಗ್ದಿದ್ದು ದಂಡ" ಎಂದು ಒತ್ತಿ ಹೇಳಿ ಅವರು ಕತ್ತರಿ ಕೆಳಗಿಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ಸಭೆ ನಡೆಯಿತು. ಅತ್ತೆಗೆ ಹೇಳುವವರು ಯಾರು?

"ನೀವು ಹೇಳಿ ಮಾವ. ನಿಮ್ಮ ಹೆಂಡ್ತಿ."

"ಅದಕ್ಕೇ ಹೇಳಕ್ಕಾಗಲ್ಲ ಕಣಮ್ಮ. ದಾರ ಉಸಿರು ಕಟ್ಟಿಸ್ತಿದೆ ಅಂದ್ರೆ ಏನರ್ಥ? ಅವತ್ತು ಶಿವೂನ ಗುಂಡಿ ದಾರದಿಂದ ಬೀಳ್ಲಿಲ್ಲ ಅಂತ ಅರ್ಥ. ಅಷ್ಟು ವರ್ಷದ್ದು ಒಂದೇ ಸಲ ಬಿದ್ಹೋಗುತ್ತೆ." ದನಿ ತಗ್ಗಿಸಿದರು. "ನಿಜ ಹೇಳ್ಬೇಕಂದ್ರೆ ಅದು ಬಿದ್ದಿದ್ದು ನನ್ನಿಂದ. ನಾನು ಎದುರಿಂದ ಸೈಕಲ್ಲಲ್ಲಿ ಬಂದೋನು ಗಾಬರಿಲಿ ನಿಮ್ಮತ್ತೆಗೇ ಗುದ್ದಿದ್ದೆ. ಆ ಏಟಿಗೆ ಹಾರಿತ್ತು."

"ಅರೆ, ಏನ್ ಹೇಳ್ತೀರಿ ಸಾಹೇಬ್ರೇ?" ಅಖ್ತರ್ ಬೀ ಕೊಡೆ ಮಡಿಸಿದರು. "ಹಿಂದಿಂದ ಓಡ್ಕೊಂಡು ಬಂದು ಮಗೂ ಬೆನ್ನಿಗೆ ಧಬ್ ಧಬ್ ಅಂತ ಬಡಿದೋಳು ನಾನು. ನನ್ನ ಏಟಿಗೆ ಬಿದ್ದಿದ್ದು ಅದು. ಯಾರ ಹತ್ರನೂ ಹೇಳಿಲ್ಲ, ದಾಕ್ಷಾಯಣಮ್ಮಂಗೆ ಬೇಜಾರಾಗುತ್ತೆ ಅಂತ."

"ಹೇಳ್ದೆ ಇದ್ದಿದ್ದು ಒಳ್ಳೇದೇ ಆಯ್ತು. ಸುಳ್ಳು ಅದು. ಸೈಕಲ್ಲೇ."

"ಬೆನ್ನೇ."

ಇಬ್ಬರೂ ಜಗಳವಾಡುತ್ತ ಭದ್ರಾವತಿ ಬಸ್ಸು ಹತ್ತಿದರು. ಕಿಟಕಿಯಿಂದ ಅಖ್ತರ್ ಬೀ ಕೂಗಿದರು. "ನೀನೇ ಹೇಳ್ಬಿಡು ಬೇಟಾ. ನೀನು ಓದಿರೋಳು, ನಿನ್ನ ಮಾತು ಕೇಳ್ತಾರೆ."

ಮದುವೆಯಾಗಿ ಬಂದಾಗಿನಿಂದ ಅತ್ತೆ ನನ್ನ ಒಂದೇ ಒಂದು ಮಾತು ಕೇಳಿದ್ದಾರೆ. ತೋಳು ಸ್ವಲ್ಪ ಉದ್ದ ಇರಲಿ ಅಂದಿದ್ದೆ.

ಮನೆಗೆ ಬಂದು, ಫೋರ್ಮನ್ನನ್ನು ಸೋಫಾದ ಪಕ್ಕ ಬಿಟ್ಟು, ಶಿವರಾಜ್ ಬ್ಯಾಂಕಿನಿಂದ ಊಟಕ್ಕೆ ಬಂದಾಗ ಎಲ್ಲ ಹೇಳಿದೆ. ಅವನು ಅನ್ನ ಕಲಸುತ್ತಲೇ ಕೇಳಿಸಿಕೊಂಡ. "ಸಿಂಪಲ್ ಕಣೇ. ಕಟ್ ಮಾಡು, ಅದೇ ಥರದ್ದು ಇನ್ನೊಂದು ಲೂಸಾಗಿ ಕಟ್ಟು. ಅಮ್ಮಂಗೆ ಎಲ್ಲಿ ಗೊತ್ತಾಗುತ್ತೆ?"

"ಗಂಟು?"

"ಗಂಟು ಗಂಟೇ ಅಲ್ವಾ?"

"ನಿಮ್ಮಮ್ಮ ನನ್ನ ಸೀರೆ ಅಂಚು ನೋಡಿ, ಇದು ಬೇರೆ ಟೈಲರ್ ಕೈ ಅಂತ ಬೀದಿ ಆ ಕಡೆಯಿಂದ ಹೇಳ್ತಾರೆ. ಗಂಟು ಗೊತ್ತಾಗಲ್ವಾ? ನೀನೇ ಒಂದು ಫೋನ್ ಮಾಡಿ ಹೇಳು. ನಿನ್ನ ಗುಂಡಿ ತಾನೇ."

ಅವನು ತೋಳಿನ ಮೇಲಿದ್ದ ತನ್ನ ದಾರವನ್ನು ಅಂಗಿಯೊಳಗೆ ತಳ್ಳಿದ. "ನಂಗೇನು ನೆನಪಿಲ್ಲಪ್ಪ ಅದೆಲ್ಲ" ಎಂದು ಕೈತೊಳೆದು ಬ್ಯಾಂಕಿಗೆ ಹೋದ.

ಅವನು ಹೋಗಿ ಸ್ಕೂಟರಿನ ಸದ್ದು ಅಡಗಿತು. ಮತ್ತೆ ಸ್ಕೂಟರ್ ಸದ್ದು ಕೇಳಿಸಿತು. ಏನು ಮರೆತು ಹೋದನೋ ಅಂತ ತಿರುಗಿದರೆ, ಅದು ಸ್ಕೂಟರ್ ಅಲ್ಲ. ಫೋರ್ಮನ್.

ಈ ಸಲ ಬೇಗ ನಿಲ್ಲಲಿಲ್ಲ. ಡಾಕ್ಟರ್ ತೋರಿಸಿಕೊಟ್ಟ ಹಾಗೆ ಗಂಟಲು ಸವರಿದೆ. ಸವರಲು ಹೋದರೆ ಕೈಗೆ ಸಿಗುವುದು ಗಂಟಲಲ್ಲ, ದಾರ. ದಾರದ ಕೆಳಗೆ ಬೆರಳು ತೂರಿಸಲು ನೋಡಿದೆ. ಉಗುರು ಕೂಡ ಹೋಗಲಿಲ್ಲ. ನಾಲಗೆಯ ಬಣ್ಣ ನೋಡಬೇಕು ಅಂದಿದ್ದರು. ನೋಡಿದೆ. ಕೆಂಪೋ, ನೇರಳೆಯೋ, ಗಾಬರಿಯಲ್ಲಿ ತಿಳಿಯಲಿಲ್ಲ. ಮೀರಾಳ ನಾಲಗೆ ಹೊರಗೆ ಹಾಕಿಸಿ ಪಕ್ಕದಲ್ಲಿ ಹಿಡಿದು ಹೋಲಿಸಿದೆ. ಮೀರಾ ನಾಲಗೆ ಹಾಕಿದವಳು ಸುಮ್ಮನಿರಲಾರದೆ ತಾನೂ "ಗ್ರ್ಹಾಂಕ್" ಎಂದು ಶುರು ಮಾಡಿದಳು. ಎರಡೂ ಕಡೆಯಿಂದ ಒಂದೇ ಸದ್ದು. ಯಾರದು ಆಟ, ಯಾರದು ಪ್ರಾಣ ಅಂತ ಒಂದು ಕ್ಷಣ ನನಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಒಂದು ಕೈ ಮಗಳ ಬೆನ್ನಿನ ಮೇಲೆ, ಇನ್ನೊಂದು ನಾಯಿಯ ಕೊರಳ ಮೇಲೆ ಇಟ್ಟು, ನಾನೇ ಉಸಿರು ಬಿಗಿಹಿಡಿದು ಕೂತೆ.

ಕೊನೆಗೆ ನಿಂತಿತು. ಮೀರಾ ನಕ್ಕಳು. ಫೋರ್ಮನ್ ಬಿಸ್ಕೆಟ್ ಕೇಳಲಿಲ್ಲ. ನೆಲಕ್ಕೆ ಗದ್ದ ಊರಿ ಮಲಗಿತು. ಅದು ಬಿಸ್ಕೆಟ್ ಕೇಳದಿದ್ದದ್ದಕ್ಕೇ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಕತ್ತರಿ ತಂದೆ. ಕತ್ತರಿಸಿಬಿಟ್ಟರೆ ಮುಗಿಯಿತು. ಆದರೆ ಭಾನುವಾರ ನಾಯಿ ನೋಡಲು ಅತ್ತೆ ಬಂದು, ಕೂದಲೊಳಗೆ ಕೈಯಾಡಿಸಿ, ಏನೂ ಸಿಗದೆ, ಒಂದೂ ಮಾತಾಡದೆ, ಕೊರಳಿನ ಟೇಪನ್ನು ಸರಿಮಾಡಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಅದಕ್ಕಿಂತ ಅವರು ಬೈಯುವುದೇ ವಾಸಿ. ಒಂದು ಕೈಯಲ್ಲಿ ಕತ್ತರಿ ಇಟ್ಟುಕೊಂಡೇ ಇನ್ನೊಂದು ಕೈಯಿಂದ ಫೋನ್ ಮಾಡಿದೆ.

ಮೆಷಿನ್ನಿನ ಸದ್ದು ಮೊದಲು ಕೇಳಿಸಿತು. ಆಮೇಲೆ ಅತ್ತೆ. "ಏನೇ ಸುಮನಾ, ಹೇಳು ಬೇಗ, ಮದ್ವೆ ಹೆಣ್ಣಿನ ತಾಯಿ ಎದುರಿಗೇ ನಿಂತಿದ್ದಾರೆ."

"ಊಟ ಆಯ್ತಾ ಅತ್ತೆ?"

"ಆಯ್ತು. ಡಾಕ್ಟ್ರು ಏನಂದ್ರು? ಇವ್ರಿಬ್ರನ್ನ ಕೇಳಿದ್ರೆ ಒಬ್ರು ಸೈಕಲ್ ಅಂತಾರೆ, ಇನ್ನೊಬ್ರು ಬೆನ್ನು ಅಂತಾರೆ. ನಾಯಿ ವಿಷ್ಯ ಕೇಳಿದ್ರೆ ಸುಮನಾ ಹೇಳ್ತಾಳೆ ಅಂತಾರೆ."

"ಅತ್ತೆ, ಫೋರ್ಮನ್ ಕೊರಳಲ್ಲಿರೋ ದಾರ ಟೈಟಾಗಿದೆ."

ಮೆಷಿನ್ ನಿಂತಿತು.

"ಯಾವ ದಾರ?"

"ನೀವು ಕಟ್ಟಿದ್ದು. ಕೊರಳಲ್ಲಿ ಏನೂ ಇರಬಾರ್ದಂತೆ, ಎದೆಗೆ ಬೆಲ್ಟ್ ಹಾಕ್ಬೇಕಂತೆ. ಅದು ಒತ್ತಿನೇ ಉಸಿರು ಹಿಡೀತಿರೋದಂತೆ."

"ಬೆರಳು ಹೋಗುತ್ತಾ?"

"ಇಲ್ಲ ಅತ್ತೆ."

"ಕಿರುಬೆರಳು?"

"ಉಗುರೂ ಹೋಗಲ್ಲ."

ಮದುವೆ ಹೆಣ್ಣಿನ ತಾಯಿ ಏನೋ ಕೇಳಿದ್ದಕ್ಕೆ, "ಒಂದ್ನಿಮ್ಷ ಇರಿ ತಾಯಿ" ಅಂದದ್ದು ಕೇಳಿಸಿತು. ಹೊರಗೆ ಜಗುಲಿಗೆ ಬಂದರು ಅನ್ನಿಸುತ್ತದೆ. ದನಿ ಬೇರೆಯಾಗಿತ್ತು.

"ಮೀರಾಂದು ನೋಡು. ಸೊಂಟದ್ದು."

ನೋಡಿದೆ. "ಎರಡು ಬೆರಳು ಹೋಗುತ್ತೆ ಅತ್ತೆ. ಸಡಿಲಾಗೇ ಇದೆ."

"ಹೂಂ. ಅದನ್ನ ಅಳತೆ ತಗೊಂಡು ಕಟ್ಟಿದ್ದೆ. ಇದಕ್ಕೆ ತಗೊಳ್ಳಿಲ್ಲ. ನಾಯಿ ಅಲ್ವಾ ಅಂತ." ಜಗುಲಿಯ ಮೇಲೆ ಕೂತ ಸದ್ದು ಕೇಳಿಸಿತು. "ಸುಮನಾ, ಅವತ್ತು ಶಿವೂಗೆ ದಾರ ಸುತ್ತಿದ್ಮೇಲೇ ಕಣೇ ಗುಂಡಿ ಬಿದ್ದಿದ್ದು. ನಾನು ಕಣ್ಣಾರೆ ನೋಡಿದ್ದೀನಿ."

"ಹೌದು ಅತ್ತೆ."

"ಸೈಕಲ್ಲೂ ಇತ್ತು, ಅಖ್ತರ್ ಬೀ ಬಡಿದಿದ್ದೂ ಹೌದು. ನಂಗೇನು ಗೊತ್ತಿಲ್ವಾ? ಆದ್ರೆ ದಾರನೂ ಇತ್ತು."

"ಇತ್ತು ಅತ್ತೆ."

"ಕೈಲಿ ಕತ್ತರಿ ಇದೆಯಾ?"

ಇದೆ ಅನ್ನಲು ನಾಚಿಕೆಯಾಯಿತು. "ಇದೆ."

"ಅಡುಗೆಮನೆದು ಅಲ್ಲ ತಾನೇ? ಅದರಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸ್ತೀಯ, ಮೊಂಡಾಗಿರುತ್ತೆ. ನಾನು ಕೊಟ್ಟಿದ್ದು ತಗೋ. ಗಂಟಿನ ಹತ್ರ ಹಾಕ್ಬೇಡ, ಅದು ಜಗ್ಗಲ್ಲ. ಬೆನ್ನಿನ ಕಡೆ ಕೂದ್ಲು ಸರ್ಸು, ಕತ್ತರಿ ತುದಿ ಮಲಗಿಸ್ಕೊಂಡು ತೂರ್ಸು. ಫೋನ್ ಇಡ್ಬೇಡ. ಕಟ್ಟಿದೋಳು ನಾನು, ನಂಗೆ ಕೇಳ್ಲಿ."

ಫೋನನ್ನು ನೆಲದ ಮೇಲೆ, ಫೋರ್ಮನ್ನಿನ ಕಿವಿಯ ಪಕ್ಕ ಇಟ್ಟೆ. ಅತ್ತೆ ಅದರೊಳಗಿನಿಂದ, "ನನ್ನ ಮಗನೇ, ಅಲ್ಲಾಡ್ಬೇಡ, ಆಯ್ತು ಆಯ್ತು" ಅನ್ನುತ್ತಿದ್ದರು. ಫೋರ್ಮನ್ ಅಲ್ಲಾಡಲಿಲ್ಲ. ಕತ್ತರಿ ಆಡಿತು. ಎಳೆಗಳು ಒಂದೊಂದಾಗಿ ಹರಿದು, ಕೊನೆಯದು ಬಿಚ್ಚಿದಾಗ ಫೋರ್ಮನ್ ಎದ್ದು, ಮೂತಿಯಿಂದ ಬಾಲದವರೆಗೆ ಮೈ ಕೊಡವಿತು. ಮೀರಾಳ ಕೈಯಲ್ಲಿದ್ದ ಬಿಸ್ಕೆಟ್ಟನ್ನು ಕಿತ್ತುಕೊಂಡು ಸೋಫಾದ ಕೆಳಗೆ ಓಡಿತು.

"ಆಯ್ತಾ?"

"ಆಯ್ತು ಅತ್ತೆ. ಬಿಸ್ಕೆಟ್ ತಿಂತಿದೆ. ತಿನ್ಬಾರ್ದು, ಆದ್ರೂ ತಿಂತಿದೆ."

ಅತ್ತೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಮೆಷಿನ್ನಿನ ಮುಂದೆ ಕೂತಾಗಿನ ದನಿ. "ದಾರ ಬಿಸಾಡ್ಬೇಡ, ಗಿಡಕ್ಕೆ ಕಟ್ಟು. ಎದೆಗೆ ಹಾಕೋ ಬೆಲ್ಟ್ ಅಂದ್ರಂತಲ್ಲ, ಅಂಗಡೀದು ತರ್ಬೇಡ. ಅದೂ ಹಿಡಿಯುತ್ತೆ. ನಾನೇ ಹೊಲಿತೀನಿ. ಮದ್ವೆ ಸೀರೆ ಬ್ಲೌಸ್ ತುಂಡು ಉಳ್ದಿದೆ, ಮೆತ್ತಗಿದೆ. ಅಳತೆ ಹೇಳು, ಎದೆ ಸುತ್ತು."

"ಟೇಪಿಲ್ಲ ಅತ್ತೆ."

"ಟೈಲರ್ ಸೊಸೆ, ಟೇಪಿಲ್ವಂತೆ. ಚಾರ್ಜರ್ ವೈರ್ ಸುತ್ತು, ಬೆರಳಲ್ಲಿ ಗುರ್ತು ಇಟ್ಕೋ. ಉಸಿರು ಬಿಟ್ಟಾಗ ತಗೋಬೇಡ, ಮತ್ತೆ ಟೈಟಾಗುತ್ತೆ. ಎಳ್ಕೊಂಡಾಗ ತಗೋ."

ನಾನು ವೈರು ಹಿಡಿದು ಸೋಫಾದ ಕೆಳಗೆ ತಲೆ ತೂರಿಸಿದೆ. ಕೂದಲಿನ ರಾಶಿ ಮೇಲೆ ಕೆಳಗೆ ಆಗುತ್ತಿತ್ತು. "ಇದು ಯಾವಾಗ ಎಳ್ಕೊಳ್ಳುತ್ತೆ ಅಂತ ಹೇಗೆ ಗೊತ್ತಾಗುತ್ತೆ ಅತ್ತೆ?"

"ಅಯ್ಯೋ ಮಾರಾಯ್ತಿ, ಇಷ್ಟು ದಿವ್ಸ ಇನ್ನೇನು ನೋಡ್ಕೊಂಡು ಕೂತಿದ್ದೆ ನೀನು?"